ಹತ್ತಲಿಕ್ಕಿಲ್ಲದ ಮರ

ಮೂಲ್ಕಿ ಸೇತುವೆಯಿಂದ ಇಳಿದರೆ ನಮ್ಮ ಗಡಂಗು.
ಒಳಗೆ ನಾಲ್ಕು ಬೆಂಚು, ಒಂದಕ್ಕೆ ಕಾಲು ಕುಂಟು,
ಅದಕ್ಕೆ ತೆಂಗಿನ ಚಿಪ್ಪಿನ ಒತ್ತು.
ಹೊರಗೆ ಶಾಂಭವಿ, ಇಳಿತದ ಹೊತ್ತು,
ಕೆಸರಿನ ವಾಸನೆ ನನ್ನ ಬಂಗುಡೆಯ ಕಾವಲಿಯವರೆಗೂ ಬಂದು ಕೂತಿತ್ತು.

ಎಲಿಯಾಸ್ ಮೊಂತೇರೊ ಹಡಗಿನ ಎಂಜಿನ್ನಿನವ,
ಎಂಟು ತಿಂಗಳಿಗೊಮ್ಮೆ ನೆಲದ ಮೇಲೆ ಓಲಾಡುತ್ತ ಬರುವವ,
ಕುಡಿಯುವ ಮೊದಲೇ.
ಈ ಸಲ ಲುಂಗಿಯಲ್ಲಿ ಸುತ್ತಿ ತಂದ ಬಾಟ್ಲಿ
ಗಿಡ್ಡ, ಕಪ್ಪು, ಮುಚ್ಚಳಕ್ಕೆ ಮೇಣದ ಟೊಪ್ಪಿ.
ಚೀಟಿಯ ಮೇಲೊಂದು ಕೆಂಪು ಎಲೆ, ಐದು ಬೆರಳಿನದು.
"ಹರಳೆಲೆಯಾ?" ಅಂದೆ. ನಕ್ಕರು.
"ಮೇಪಲ್ ಮಾರಾಯ್ತಿ. ಮರದ ರಸ ಕಾಸಿ ಪಾಕ,
ಆ ಪಾಕ ಹಾಕಿ ಹುಳಿ ಬರಿಸಿದ ಬಿಯರು.
ಬಿಯರು ಅಂದ್ರೆ ಬಿಯರಲ್ಲ, ಹತ್ತೂವರೆ ಉಂಟು.
ಮೆಲ್ಲ."

ಚಾದ ಗ್ಲಾಸು ನಾಲ್ಕು ಇಟ್ಟೆ.
ಐದನೆಯದನ್ನು ಯಾರೂ ಕೇಳಲಿಲ್ಲ.

ಬಣ್ಣ, ಎಲೆ ಕೊಳೆತ ಹೊಂಡದ ನೀರಿಗೆ
ಸಂಜೆಬಿಸಿಲು ಇಳಿದಂತೆ.
ನೊರೆ ನಮ್ಮ ಕಳಿಯ ನೊರೆಯಷ್ಟು ಬಾಯಿಬಡುಕಿಯಲ್ಲ,
ಅಂಚಿಗೆ ಆತು ನಿಂತು ನೋಡುತ್ತಿತ್ತು.

ಬ್ಯಾಂಕಿನ ಪೀತಾಂಬರ: "ಕೆಮ್ಮಿನ ಔಷಧಿ."
ಮೀನು ಲಾರಿಯ ಲೋಕಯ್ಯ: "ಬೆಲ್ಲ ಸುಟ್ಟದ್ದು. ಮತ್ತೆ...
ಮತ್ತೆ ಎಂತದೋ ಉಂಟು."
ಎಂತ ಅಂತ ನೋಡಲಿಕ್ಕೆ ಇನ್ನೊಂದು ಗುಟುಕು,
ಗೊತ್ತಾಗದೆ ಮತ್ತೊಂದು.
ಕಿವಿ ಕೆಂಪಾಯಿತು, ಉತ್ತರ ಸಿಗಲಿಲ್ಲ.

ನೋಣಯ್ಯಣ್ಣ ಕುಡಿಯಲಿಲ್ಲ, ಮೂಸಿದರು.
ಮೂವತ್ತೆಂಟು ವರ್ಷ ಮೂರ್ತೆ ಮಾಡಿದ ಮೂಗು,
ಯಾವ ತೋಟದ ಯಾವ ಮರವೆಂದು
ಮಡಕೆಯ ಬಾಯಲ್ಲೇ ಹೇಳುವ ಮೂಗು.
ನಾಲಗೆಯ ತುದಿಗೆ ಒಂದು ಬೊಟ್ಟು. ಕಣ್ಣು ಮುಚ್ಚಿದರು.
"ಮರದ್ದು ಹೌದು," ಎಂದರು.
"ಆದರೆ ಬಿಸಿಲು ಸಾಕಾಗದ ಮರ."

"ಹಿಮದಲ್ಲಿ ನಿಲ್ಲುವುದು. ಚಳಿ ಬಿಡುವ ತಿಂಗಳಲ್ಲಿ
ಸೊಂಟದ ಎತ್ತರಕ್ಕೆ ಒಂದು ತೂತು, ನಳಿಗೆ, ಬಕೆಟು.
ನಲವತ್ತು ಕೊಡ ಕಾಸಿದರೆ ಒಂದು ಕೊಡ ಪಾಕ."
"ಸೊಂಟದ ಎತ್ತರಕ್ಕೆ?"
"ಹೌದು."
"ಹತ್ತುವುದು?"
"ಹತ್ತಲಿಕ್ಕಿಲ್ಲ ನೋಣಯ್ಯಣ್ಣ. ನೆಲದಲ್ಲೇ ನಿಂತು."

ಗ್ಲಾಸು ಕೆಳಗಿಟ್ಟರು.
ಎದೆಯ ಮೇಲೆ ಮರ ಗೀಚಿದ ತೊಗಲು,
ಪಾದಕ್ಕೆ ತಳೆ ಕೊರೆದ ಗೆರೆ.
ತಮ್ಮ ಐತ ಕಾರ್ನಾಡು ತೋಟದ ಒಂಬತ್ತನೇ ಮರದಿಂದ
ಬಿದ್ದ ದಿನ ಮಡಕೆ ಒಡೆಯಲಿಲ್ಲ.
ಊರೆಲ್ಲ ಹೇಳುತ್ತದೆ ಇದನ್ನು, ಅವರು ಹೇಳುವುದಿಲ್ಲ.
"ನೆಲದಲ್ಲೇ ನಿಂತು," ಎಂದರು ಮತ್ತೊಮ್ಮೆ,
ಬೈಗುಳದ ಹಾಗೂ ಅಲ್ಲ, ಹರಕೆಯ ಹಾಗೂ ಅಲ್ಲ.
ಆಮೇಲೆ ಒಂದೇ ಎತ್ತಿಗೆ ಅಷ್ಟನ್ನೂ ಕುಡಿದು
ನನ್ನ ಮರುವಾಯಿ ಸುಕ್ಕಕ್ಕೆ ಉಪ್ಪು ಕಮ್ಮಿಯೆಂದು
ಜಗಳ ತೆಗೆದರು.

ಎಲ್ಲ ಎದ್ದುಹೋದ ಮೇಲೆ ಗ್ಲಾಸು ತೊಳೆಯುವಾಗ
ಪೀತಾಂಬರನದರಲ್ಲಿ ಅರ್ಧ ಉಳಿದಿತ್ತು. ಔಷಧಿ ತಾನೆ,
ಬಾಗಿಲಿಗೆ ಅಗುಳಿ ಹಾಕಿ ಕುಡಿದೆ.

ಮೊದಲು ಸಿಹಿ. ಅಲ್ಲ, ಸಿಹಿ ಕೂತು ಎದ್ದುಹೋದ
ಮಣೆಯ ಬಿಸಿ.
ಹಿಂದೆಯೇ ಒದ್ದೆ ಸೌದೆ, ಹೊಗೆ,
ಗಂಟಲಿಗೆ ಇಳಿದ ಮೇಲೆ ಹಿಂತಿರುಗಿ ನೋಡುವ ಕಹಿ.
ಸುಣ್ಣ ಬಳಿದ ಮಡಕೆಯ ಚೀಪೆ ಕಳಿ
ಅಮ್ಮ ಓಲೆಬೆಲ್ಲಕ್ಕೆ ಕಾಸುವಳು,
ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡುವಳು,
ಉಂಡೆಯಾದರೆ ಅದು ನನ್ನ ಬಾಯಿಗೆ.
ಒಂದೊಂದು ದಿನ ಆ ಉಂಡೆ ಸ್ವಲ್ಪ ಕಪ್ಪು,
ಸ್ವಲ್ಪ ಕಹಿ.

ಲೋಕಯ್ಯ, ನಿನ್ನ "ಎಂತದೋ" ಅದು ಮಾರಾಯ,
ತಳ ಹಿಡಿದದ್ದು.
ಅಷ್ಟು ದೂರದ ಆ ಚಳಿಯಲ್ಲಿಯೂ ಯಾರೋ ಒಬ್ಬಳು
ಸೌಟು ಬಿಟ್ಟು ಎದ್ದುಹೋಗಿದ್ದಾಳೆ.
ಒಳಗೆ ಮಗು ಅತ್ತಿರಬೇಕು.

ಬಾಟ್ಲಿ ತೊಳೆದು ಕವುಚಿ ಹಾಕಿದೆ, ಎಣ್ಣೆಗಾದೀತು.
ಎಷ್ಟು ತಿಕ್ಕಿದರೂ ಎಲೆ ಬಿಡಲಿಲ್ಲ.
ಹೊರಗೆ ಬಂದು ನಿಂತೆ. ಶಾಂಭವಿ ಏರುತ್ತಿತ್ತು,
ಅಥವಾ ನಾನು.