ಹನ್ನೊಂದನೆಯ ಸಾಲು

ಮೊಖೊಟ್ಲಾಂಗಿನ ಗುಡ್ಡದಲ್ಲಿ ಲಸಿಕೆಯ ದಿನ.
ಹನ್ನೊಂದು ಕೂಸು, ಹನ್ನೊಂದು ಸಾಲು,
ಬ್ಯಾಟರಿ ಶೇಕಡಾ ಒಂಬತ್ತು.

'ಉಳಿಸು' ಒತ್ತಿದೆ. ಕೆಂಪು.
ಕೊನೆಯ ಸಾಲಿಗೆ ಹೆಸರಿಲ್ಲ.
ಒಂದು ಇಲ್ಲವೆಂದು ಹತ್ತೂ ಇಲ್ಲ:
ಕೊನೆಯ ಎಲೆಯ ಊಟ ಮುಗಿಯುವ ತನಕ
ಯಾರೂ ಏಳದ ಪಂಕ್ತಿಯ ಹಾಗೆ.

"ಅದೊಂದನ್ನು ಅಳಿಸಿಬಿಡು ಸಿಸ್ಟರ್,"
ಕಂಬಳಿಯೊಳಗೆ ಹಾಲೂಡಿಸುತ್ತ ಒಬ್ಬಳೆಂದಳು.
ಅಳಿಸಲು ಪುಟ್ಟದೊಂದು ಕತ್ತರಿ ಗುರುತು.
ಬೆರಳು ಹೋಗಲಿಲ್ಲ.

ಹೆಸರಿಡಬೇಕಾದವಳು ಅಪ್ಪನ ಅವ್ವ,
ಕುದುರೆಯ ಮೇಲೆ, ಇನ್ನೂ ದಾರಿಯಲ್ಲಿ.
ಕಾದೆವು. ಒಂಬತ್ತು ನಾಲ್ಕಾಯಿತು.

ಬಂದಳು. ಹೆಗಲು ಕೊಡವಿದಳು, ಬಿಳಿ ಉದುರಿತು.
"ಲೆಹ್ಲವಾ" ಎಂದಳು. ಹಿಮ.

ಬರೆದೆ, ಒತ್ತಿದೆ,
ಹನ್ನೊಂದೂ ಒಟ್ಟಿಗೇ ಎದ್ದವು.

ಆಮೇಲೆ ನೋಡಿದರೆ
ಹೆಸರಿಗೆ ಅಷ್ಟು ಹಟ ಹಿಡಿದದ್ದು
ಲೆಹ್ಲವಾಳ ತೂಕ ನಲವತ್ತು ಕಿಲೋ ಎಂದದ್ದನ್ನು
ತುಟಿಪಿಟಕ್ಕೆನ್ನದೆ ನಂಬಿತ್ತು.