ಕಡಲಿಲ್ಲದ ಊರಿನ ಕಡಲ್ಗುದುರೆ

ಹಾಸನದಲ್ಲಿ ಕಡಲಿಲ್ಲ.
ಆದರೂ ದ್ಯಾವಪ್ಪನವರ ಕಿವಿಯ ಒಳಮಗ್ಗುಲಲ್ಲಿ
ಕಿರುಬೆರಳುದ್ದದ ಕಡಲ್ಗುದುರೆಯೊಂದು
ಬಾಲ ಸುತ್ತಿಕೊಂಡು ಮಲಗಿತ್ತು
ಎಪ್ಪತ್ತೆರಡು ವರ್ಷ.

ಕೂದಲಿಗಿಂತ ತೆಳ್ಳಗೆ ಹೆರೆದೆ,
ಬಣ್ಣ ಕುಡಿಸಿದೆ, ಗಾಜಿನ ಮೇಲೆ ಹಾಸಿದೆ.
ಮಸೂರದಡಿ ನಾರುಗಳು ಹೊರಟಿದ್ದವು
ಪಾಚಿಯ ಹಾಗೆ ಗಂಟುಗಂಟಾಗಿ,
ಒಂದು ನರಕೋಶದಿಂದ ಇನ್ನೊಂದರ ಬಾಗಿಲಿಗೆ.
ಮೂವತ್ತು ವರ್ಷ ಅವರು ಟಿಕೆಟ್ ಹರಿದ ದಾರಿ:
ಹಗರೆ, ಬೇಲೂರು, ಚಿಕ್ಕಮಗಳೂರು,
ರೈಟ್ ರೈಟ್.

ಅಂಚಿನಲ್ಲೊಂದು ಚಿಕ್ಕದು.
ಎಳೆಯದು. ಒಂದೇ ಕೈ ಚಾಚಿದೆ,
ಬಸ್ಸಿಗೆ ಅಡ್ಡ ನಿಂತವರಂತೆ.
"ಇದು ಹೊಸದಾಗಿ ಹುಟ್ಟಿದ್ದಾ ಮೇಡಂ?"
ಬಹಳ ಹೊತ್ತು ನೋಡಿದರು.
"ಈ ವಯಸ್ಸಲ್ಲೂ ಹುಟ್ಟುತ್ತೆ ಅನ್ನೋರಿದ್ದಾರೆ ಫಿಲೋಮಿನಾ,
ಇಲ್ಲ ಅನ್ನೋರೂ ಇದ್ದಾರೆ.
ಬಣ್ಣ ಒಮ್ಮೊಮ್ಮೆ ಸುಳ್ಳು ಹೇಳುತ್ತೆ.
ಫಾರ್ಮಲಿನ್ನಿಗೆ ತಡವಾಗಿ ಬಿದ್ದರೆ
ನಿಜವೂ ಅಳಿಸಿಹೋಗುತ್ತೆ."

ದೇಹದಾನದ ಅರ್ಜಿಗೆ ಸಹಿ ಹಾಕಲು ಬಂದವರು
ಪೆನ್ನಿನ ಮುಚ್ಚಳ ತಿರುವುತ್ತ ಹೇಳಿದ್ದರು:
"ಬಸ್ ಸ್ಟ್ಯಾಂಡ್ ಜಾಗ ಬದಲಾಯ್ಸಿದಾಗ ನಂಗೆ ಅರವತ್ತಾರು.
ಪೇಪರ್ ಓದಕ್ಕೆ ಅಂತ ಹೊರಟ್ರೆ
ಒಂದು ತಿಂಗಳು ಕಾಲು ಹಳೇ ಸ್ಟ್ಯಾಂಡಿಗೇ ಹೋಯ್ತಿತ್ತು ಕಣವ್ವ.
ಆಮೇಲೊಂದು ಬೆಳಿಗ್ಗೆ
ತಾನೇ ತಿರೀಕಂತು."

ಯಾರು ತಿರುಗಿಸಿದರೋ.

ರಿಜಿಸ್ಟರಿನಲ್ಲಿ 'ಖಚಿತವಿಲ್ಲ' ಎಂದು ಬರೆದೆ.
ಉಳಿದ ಗಾಜುಗಳನ್ನು ಡಬ್ಬಿಗೆ ಇಳಿಸಿದೆ.
ಅದೊಂದನ್ನು ಮಾತ್ರ
ಬೀಗ ಹಾಕುವ ಮುಂಚೆ ಇನ್ನೊಮ್ಮೆ ನೋಡಿದೆ.

ಕೈ ಇಳಿಸಿರಲಿಲ್ಲ.