ಹಾರ ಹಾಕದ ಫೋಟೋ

ತಾಲ್ಲೂಕು ಕಚೇರಿಯ ಎರಡನೇ ಕಿಟಕಿಯಲ್ಲಿ
ಅಕ್ಕ ಬದುಕಿದ್ದಾಳೆಂದು ಬರೆದುಕೊಡಬೇಕಿತ್ತು.
ಕಲಾವಿದರ ಮಾಸಾಶನ, ವರ್ಷಕ್ಕೊಮ್ಮೆ ಈ ಶಾಸ್ತ್ರ.
ಜೊತೆಗೊಂದು ಫೋಟೋ ಬೇಕು, ಇತ್ತೀಚಿನದು, ಅಂದರು.

ಅವಳ ಫೋಟೋಗಳಿಗೇನು ಬರ!
ಟ್ರಂಕು ತೆಗೆದರೆ ಹನ್ನೊಂದು ಚೌಕಟ್ಟು, ಗಾಜು ಸಮೇತ.
ಹನ್ನೊಂದಕ್ಕೂ ಗಾಜಿನ ಹೊರಗೆ ಕುಂಕುಮದ ಬೊಟ್ಟು,
ಹತ್ತಕ್ಕೆ ಗಂಧದ ಹಾರ.

ಮೂವತ್ನಾಲ್ಕು ಸಿನಿಮಾದಲ್ಲಿ ಸತ್ತವಳು ನಮ್ಮಕ್ಕ.
ಕ್ಷಯದಲ್ಲಿ, ಗುಂಡೇಟಿನಲ್ಲಿ, ಮಗನ ಪರೀಕ್ಷೆಯ ಫಲಿತಾಂಶ ಕೇಳಿದ ಖುಷಿಯಲ್ಲಿ,
ಒಂದರಲ್ಲಂತೂ ಹೆಸರು ತೋರಿಸುವ ಮೊದಲೇ:
ಗೋಡೆಯ ಮೇಲೆ ಫೋಟೋ ಮಾತ್ರ, ಒಂದು ದಿನದ ಬಾಟಾ.
ದುಡ್ಡು ಬಾಕಿ ಉಳಿದಾಗ ಆರ್ಟ್ ಡಿಪಾರ್ಟ್‌ಮೆಂಟಿನವರು
ಇದನ್ನೇ ತಗೊಂಡು ಹೋಗಿ ಮೇಡಂ ಅನ್ನುತ್ತಿದ್ದರು.

ಜೋಗಕ್ಕೆ ಶೂಟಿಂಗ್ ಬಂದಿತ್ತು, ಅವಳಿಗೆ ಹತ್ತೊಂಬತ್ತು.
ಕೊಡ ಹೊತ್ತು ಹೀರೋಯಿನ್ ಹಿಂದೆ ನಡೆಯಲು ಆರು ಹುಡುಗಿಯರು ಬೇಕಿತ್ತು.
ಐವರು ಸಂಜೆಯ ಬಸ್ಸಿಗೆ ಸಾಗರಕ್ಕೆ ಮರಳಿದರು.
ನಾಗವೇಣಿ ಎಂಬ ಹೆಸರು ಪೋಸ್ಟರಿಗೆ ಉದ್ದವಾಯಿತೆಂದು
ಮ್ಯಾನೇಜರು ವೇಣಿ ಎಂದು ಕತ್ತರಿಸಿದ.
ಪೋಸ್ಟರಿನಲ್ಲಿ ಅದೂ ಬರಲಿಲ್ಲ.

ಇಪ್ಪತ್ತಾರಕ್ಕೆ ತಾಯಿಯಾದಳು.
ಮಗ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು,
ಅವನು ಕೂದಲಿಗೆ ಕಪ್ಪು ಹಚ್ಚಿಸಿಕೊಳ್ಳುವ ಕನ್ನಡಿಯಲ್ಲೇ
ಇವಳಿಗೆ ಬಿಳಿ ಹಚ್ಚುತ್ತಿದ್ದರು.
ಹೊಲಿಗೆ ಯಂತ್ರ ತುಳಿದು ಎಷ್ಟು ಮಕ್ಕಳನ್ನು ಓದಿಸಿದಳೋ!
ಇವತ್ತಿಗೂ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಾಳೆ.

ಅಪ್ಪ ಗುಡಿಗಾರ.
ಗಂಧದ ಚಕ್ಕೆಯನ್ನು ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಹೆರೆದು
ಸುರುಳಿ ಸುತ್ತಿ, ನಡುವೆ ಕೆಂಪು ಮಣಿ ಇಟ್ಟು ಹಾರ ಕಟ್ಟುವವನು.
ಮಂತ್ರಿಗೆ, ಮದುಮಗನಿಗೆ, ತೀರಿಕೊಂಡವರಿಗೆ
ಅವನಲ್ಲಿ ಒಂದೇ ಅಳತೆ.
ಮಗಳು ಸತ್ತ ಮೊದಲ ಸಿನಿಮಾ ಸಾಗರಕ್ಕೆ ಬಂದಾಗ
ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.
ಅಪ್ಪ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿ ಹೇಳಿದ್ದು:
"ನೈಲಾನ್ ದಾರ ಹಾಕಿದಾರೆ, ಥೂ."

ಮರುವಾರ ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಪೊಟ್ಟಣ ಹೋಯಿತು.
ಒಳಗೆ ಬಾಳೆಪಟ್ಟೆಯಲ್ಲಿ ಸುತ್ತಿದ ಹಾರ, ಕಾರ್ಡಿನಲ್ಲಿ ಒಂದೇ ಸಾಲು:
ಇನ್ನು ಮುಂದೆ ಸಾಯುವುದಾದರೆ ಇದನ್ನು ಹಾಕಿಸಿಕೊ.
ಆಮೇಲೆ ಪ್ರತಿ ಸಿನಿಮಾಕ್ಕೂ ಅಪ್ಪನ ಹಾರ.
ಊರವರು ಅವಳ ನಟನೆ ನೋಡಲು ಹೋದರೆ
ನಾವು ಗಂಟು ನೋಡಲು ಹೋಗುತ್ತಿದ್ದೆವು.

ಅಪ್ಪ ಹೋದ ದಿನ ಅವಳು ಮೈಸೂರಿನ ಸೆಟ್ಟಿನಲ್ಲಿ ಮಂಚದ ಮೇಲಿದ್ದಳು,
ಕೊನೆಯ ಉಸಿರಿಗೆ ಇನ್ನೂ ಎರಡು ಟೇಕು ಬಾಕಿ.
ಮೂರನೇ ದಿನ ಬಂದಳು, ಕಿವಿಯ ಹಿಂದೆ ಬಿಳಿ ಬಣ್ಣ ಹಾಗೇ ಇತ್ತು.
ಅಪ್ಪನ ಫೋಟೋಕ್ಕೆ ಹಾಕಲು ಮನೆಯಲ್ಲಿ ಒಂದು ಹಾರವಿರಲಿಲ್ಲ,
ಕಟ್ಟಿದ್ದೆಲ್ಲ ಮಾರಿಬಿಟ್ಟಿದ್ದ.
ಅವಳು ಮಾತಾಡದೆ ಟ್ರಂಕು ತೆಗೆದು
ತನ್ನದೊಂದನ್ನು ಬಿಚ್ಚಿ ಅವನಿಗೆ ಹಾಕಿದಳು.

ಹನ್ನೊಂದನೆಯದು ಅದು. ಆದರೆ ಅದರಲ್ಲಿ ಅವಳಿಗೆ ನಲವತ್ತು,
ಗುಮಾಸ್ತ ಒಪ್ಪುವುದಿಲ್ಲ.

ಮಾರ್ಕೆಟ್ ರಸ್ತೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ.
ಹುಡುಗ ಸ್ಟೂಲು ಒರೆಸಿ ಕೂರಿಸಿದ, ನೀಲಿ ಪರದೆ ಇಳಿಸಿದ.
ಅಕ್ಕ ಗದ್ದ ತುಸು ಎತ್ತಿ, ಲೈಟು ತಾನೇ ಹುಡುಕಿಕೊಂಡು ಕೇಳಿದಳು:
"ಯಾವ ಸೀನಪ್ಪ ಇದು? ಹೆಂಗೆ ನೋಡಲಿ?"
ಅವನಿಗೆ ಅರ್ಥವಾಗಲಿಲ್ಲ. "ಸುಮ್ಮನೆ ನೋಡಿ ಅಜ್ಜಿ," ಅಂದ.

ಸುಮ್ಮನೆ ನೋಡುವುದು ಅವಳಿಗೆ ಬರಲಿಲ್ಲ.
ಕಣ್ಣು ತಾನಾಗೇ ಗೋಡೆಯ ಮೇಲಿನವರ ಕಣ್ಣಾಗುತ್ತಿತ್ತು,
ಎಲ್ಲರನ್ನೂ ಕ್ಷಮಿಸಿದ ಆ ನೋಟ.
ಏಳನೆಯ ಸಲಕ್ಕೆ ಹೊರಗೆ ಯಾವನೋ ಬೈಕಿನವನು
ಹಾರ್ನ್ ಒತ್ತಿದ್ದೇ ಒತ್ತಿದ್ದು,
ಅವಳು ರೇಗಿ ಬಾಗಿಲ ಕಡೆ ತಿರುಗಿದಳು, ಹಲ್ಲು ಕಚ್ಚಿ.
ಹುಡುಗ ಒತ್ತಿಬಿಟ್ಟ.

ನಾಲ್ಕು ಪ್ರತಿ, ನೂರಿಪ್ಪತ್ತು ರೂಪಾಯಿ.
"ಅಯ್ಯೋ, ಎಷ್ಟು ಕೆಟ್ಟದಾಗಿ ಬಂದಿದೆ," ಅಂದಳು ಅಕ್ಕ.
ಮೂರನ್ನು ಕಚೇರಿಗೆ ಕೊಟ್ಟು
ಒಂದನ್ನು ನಾನು ಜೇಬಿನಲ್ಲಿಟ್ಟುಕೊಂಡೆ.